ಹಾಲಿನ ಲಾರಿಯ ದಾರಿಯಲ್ಲಿ ಕ್ವಾರ್ಟರ್ ಫೈನಲ್

‘ಗೊತ್ತಿಲ್ಲ’ ಎಂಬ ಮಾತು ನಮ್ಮೂರ ಡೇರಿ ಸೆಕ್ರೆಟ್ರಿ ನಿಂಗರಾಜುವಿನ ಬಾಯಿಂದ ಹೊರಟದ್ದನ್ನು ನಾನು ಕೇಳಿಲ್ಲ. ಅವನ ಪಕ್ಕದಲ್ಲೇ ನಿಂತು ಬಹಳ ವರ್ಷಗಳಿಂದ ಹಾಲು ಅಳೆಯುತ್ತಿರುವವನು ನಾನು. ಹೊರಟಿದ್ದರೆ ಕೇಳಿಸದೆ ಇರುತ್ತಿರಲಿಲ್ಲ. ಒಮ್ಮೆ ಹೊಸಹೊಳಲು ದೇವಸ್ಥಾನಕ್ಕೆ ದಾರಿ ಕೇಳಿದ ಕಾರಿನವರನ್ನು ಅವನು ಧೈರ್ಯವಾಗಿ ಕಬ್ಬಿನ ಗದ್ದೆಯೊಳಕ್ಕೆ ಕಳಿಸಿದ. ಅವರು ಚಕ್ರದ ತುಂಬ ಕೆಸರು ಮಾಡಿಕೊಂಡು ವಾಪಸು ಬಂದಾಗಲೂ ಅವನು ತಪ್ಪೊಪ್ಪಿಕೊಳ್ಳಲಿಲ್ಲ. “ಈಗ ಬಾಗ್ಲು ಹಾಕಿರ್ತಾರೆ, ಓಗಿದ್ರೂ ಉಪಯೋಗ ಇರ್ಲಿಲ್ಲ ಬುಡಿ” ಎಂದು ಸಮಾಧಾನ ಹೇಳಿ ಕಳಿಸಿದ. ಮಳೆ, ಚುನಾವಣೆ, ಕೊತ್ತಂಬರಿ ರೇಟು, ಯಾರ ಮನೆಯ ಹಸು ಯಾವಾಗ ಕರು ಹಾಕುತ್ತದೆ ಎಂಬುದು, ಎಲ್ಲದಕ್ಕೂ ಅವನಲ್ಲಿ ಉತ್ತರವಿತ್ತು. ಉತ್ತರ ಸರಿಯಾದದ್ದು ನನಗೆ ನೆನಪಿಲ್ಲ. ಆದರೆ ಎಲ್ಲವನ್ನೂ ನಾನು ಬರೆದಿಟ್ಟುಕೊಂಡಿಲ್ಲವಾದ್ದರಿಂದ ಒಂದೂ ಸರಿಯಾಗಿಲ್ಲ ಎಂದು ಪ್ರಮಾಣ ಮಾಡಲಾರೆ.

ಇಂಥವನ ಮಗಳು ಸ್ನೇಹ ಪಾಂಡವಪುರದ ಕಾಲೇಜಿನ ಹುಡುಗಿಯರ ಫುಟ್‌ಬಾಲ್ ತಂಡದ ಗೋಲ್‌ಕೀಪರು. ಸುತ್ತಮುತ್ತಲ ಕಾಲೇಜುಗಳ ಪಂದ್ಯಾವಳಿಯಲ್ಲಿ ಅವಳ ತಂಡ ಕೊನೆಯ ಎಂಟರೊಳಗೆ ಬಂದಿತ್ತು. ಇಲ್ಲಿ ಚೆನ್ನಾಗಿ ಆಡಿದವರನ್ನು ಮುಂದಿನ ತಿಂಗಳು ವಿಶ್ವವಿದ್ಯಾಲಯದ ತಂಡದ ಆಯ್ಕೆಗೆ ಮೈಸೂರಿಗೆ ಕರೆಯುತ್ತಾರೆಂದು ಹುಡುಗಿ ಬೆಳಗಿನ ಜಾವಕ್ಕೇ ಎದ್ದು ಕೆರೆ ಏರಿಯ ಮೇಲೆ ಓಡುತ್ತಿದ್ದಳು. ಅವಳು ಓಡುವುದನ್ನು ಕಂಡ ಊರಿನವರು ಮೊದಮೊದಲು “ಯಾರೋ ಅಟ್ಟುಸ್ಕೊಂಡು ಬತ್ತಾವ್ರೆ” ಎಂದು ದೊಣ್ಣೆ ಹಿಡಿದು ಹೊರಗೆ ಬಂದಿದ್ದೂ ಉಂಟು.

ಎಂಟು ತಂಡಗಳಲ್ಲಿ ಯಾರ ಮೇಲೆ ಯಾರು ಆಡಬೇಕೆಂಬುದನ್ನು ಗುರುವಾರ ಸಾಯಂಕಾಲ ಶ್ರೀರಂಗಪಟ್ಟಣದಲ್ಲಿ ಚೀಟಿ ಎತ್ತಿ ತೀರ್ಮಾನಿಸುವುದಿತ್ತು. ಬುಧವಾರ ಬೆಳಿಗ್ಗೆ ಡೇರಿಯ ಸಾಲಿನಲ್ಲಿ ನಿಂತಿದ್ದ ಚೌಡಯ್ಯ ಮಾತು ತೆಗೆದ. ಚೌಡಯ್ಯನ ಹಾಲಿನಲ್ಲಿ ಫ್ಯಾಟು ಕಡಿಮೆ ಬರುತ್ತದೆ. ಅದಕ್ಕೆ ಕಾರಣ ಅವನ ಮನೆಯ ಬೋರ್‌ವೆಲ್ಲು. ಆದರೆ ಅವನ ಸಿಟ್ಟೆಲ್ಲ ಅದನ್ನು ಬೋರ್ಡಿನ ಮೇಲೆ ಬರೆಯುವ ನಿಂಗರಾಜುವಿನ ಮೇಲೆ.

“ಏನ್ಲಾ ನಿಂಗ, ನಿನ್ ಮಗಳು ಎಂಟ್ರೊಳಿಕ್ಕೆ ಬಂದವ್ಳಂತೆ. ಮುಂದ್ಕೆ ಯಾವೂರ್ ಮೇಲ್ಲಾ?”

“ಚೀಟಿ ನಾಳೆ ಎತ್ತುತ್ತಾರೆ” ಎಂದಿದ್ದರೆ ಮುಗಿದುಹೋಗುತ್ತಿತ್ತು. ಮಗಳು ಬೆಳಿಗ್ಗೆ ರೊಟ್ಟಿ ತಿನ್ನುವಾಗ ಅದನ್ನೇ ಹೇಳಿದ್ದಳು. ಆದರೆ ಆ ಉತ್ತರದಲ್ಲಿ ನಿಂಗರಾಜುವಿಗೆ ಯಾವ ಜಾಗವೂ ಇರಲಿಲ್ಲ.

“ಅದಾ? ಅದು ಆಗೋಗದೆ ಬುಡು” ಎಂದ.

“ಆಗೋಗದಾ? ಚೀಟಿ ನಾಳೆ ಅಂದ್ಲಲ್ಲಾ ನಿನ್ ಮಗಳು?”

“ಚೀಟಿ ಎತ್ತದು ಜನಕ್ಕೆ ತೋರ್ಸಕ್ಕೆ ಕಣಣ್ಣ. ಒಳಗೊಳಗೇ ಎಲ್ಲಾ ಆಗೋಗಿರ್ತದೆ. ಬರ್ದು ತೋರುಸ್ಲಾ?”

ಸಾಲಿನಲ್ಲಿದ್ದವರೆಲ್ಲ ಕ್ಯಾನು ಕೆಳಗಿಟ್ಟರು. ನಿಂಗರಾಜು ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಮುಂದೆ ನಿಂತ. ನಿಂತ ಮೇಲೆ ಅವನಿಗೆ ಏನೂ ಹೊಳೆಯಲಿಲ್ಲ. ಕಣ್ಣು ಆ ಕಡೆ ಈ ಕಡೆ ಹೊರಳಿತು. ಬೋರ್ಡಿನ ಪಕ್ಕದ ಗೋಡೆಯ ಮೇಲೆ ಹಾಲಿನ ಲಾರಿಗಳ ರೂಟಿನ ಹಾಳೆ ಅಂಟಿಸಿತ್ತು. ಯಾವ ಲಾರಿ ಯಾವ ಎರಡು ಊರಿನ ಹಾಲನ್ನು ತುಂಬಿಕೊಂಡು ಹೋಗುತ್ತದೆ ಎಂಬುದು ಅದರಲ್ಲಿತ್ತು. ನಿಂಗರಾಜು ಅದನ್ನು ನೋಡಿದ. ಅವನು ನೋಡಿದ್ದನ್ನು ನಾನೂ ನೋಡಿದೆ. ಆಮೇಲೆ ಫ್ಯಾಟಿನ ರೇಟಿನ ಕೆಳಗೆ ದುಂಡಗೆ ಬರೆದ: ಪಾಂಡವಪುರಕ್ಕೂ ಕೆ.ಆರ್. ಪೇಟೆಗೂ ಒಂದು ಆಟ, ನಾಗಮಂಗಲಕ್ಕೂ ಮೇಲುಕೋಟೆಗೂ ಒಂದು, ಶ್ರೀರಂಗಪಟ್ಟಣಕ್ಕೂ ಅರಕೆರೆಗೂ ಒಂದು, ಮದ್ದೂರಿಗೂ ಮಳವಳ್ಳಿಗೂ ಒಂದು.

ಒಂದು ಲಾರಿಗೆ ಹಾಲು ಹಾಕುವ ಎರಡು ಊರುಗಳು ಒಂದು ಮೈದಾನದಲ್ಲಿ ಎದುರು ಬದುರು ನಿಲ್ಲುತ್ತವೆ ಎಂಬ ಈ ಸಿದ್ಧಾಂತಕ್ಕೆ ಆಧಾರವೇನೆಂದು ನಾನು ಮೆಲ್ಲಗೆ ಕೇಳಿದೆ. “ಡೀಸೆಲ್ ಉಳೀತದಲ್ಲಪ್ಪ” ಎಂದು ಅವನೂ ಮೆಲ್ಲಗೆ ಹೇಳಿದ.

ಚೌಡಯ್ಯ ಬೋರ್ಡಿನ ಫೋಟೊ ಹೊಡೆದುಕೊಂಡ. ನಾಳೆ ಸಾಯಂಕಾಲದ ಹೊತ್ತಿಗೆ ನಿಂಗನ ಮರ್ಯಾದೆ ತೆಗೆಯಬೇಕೆಂಬುದು ಅವನ ಉದ್ದೇಶ. ಊರಿನಲ್ಲಿ ಮೊಬೈಲಿರುವ ಎಲ್ಲರಿಗೂ ಅದನ್ನು ಕಳಿಸಿ, ಕೆಳಗೆ ‘ಇದನ್ನು ಮಡಿಕ್ಕೊಂಡಿರಿ, ನಾಳೆ ನಗೋಕೆ ಬೇಕಾಯ್ತದೆ’ ಎಂದು ಸೇರಿಸಿದ.

ಮರುದಿನ ಸಾಯಂಕಾಲ ಯಾರೂ ನಗಲಿಲ್ಲ. ಶ್ರೀರಂಗಪಟ್ಟಣದಲ್ಲಿ ಪಂದ್ಯಾವಳಿ ಸಮಿತಿಯ ಸಂಚಾಲಕರೂ ದೈಹಿಕ ಶಿಕ್ಷಣ ನಿರ್ದೇಶಕರೂ ಆದ ರಘುನಂದನ್ ಅವರು ಸ್ಟೀಲ್ ಡಬ್ಬಿಯೊಳಗೆ ಸ್ವಂತ ಕೈಹಾಕಿ ಎಂಟು ಚೀಟಿ ಎತ್ತಿದರು. ಡೇರಿ ಬೋರ್ಡಿನ ಮೇಲಿದ್ದ ನಾಲ್ಕು ಜೋಡಿಗಳೇ ಹೊರಗೆ ಬಂದವು.

ಹೀಗೆ ತಾನಾಗಿ ಕೂಡಿಬರುವುದು ಲೋಕದಲ್ಲಿ ಉಂಟು. ನಮ್ಮ ಕಡೆಯವರು ಅದನ್ನು ಒಪ್ಪುವುದಿಲ್ಲ. ಒಬ್ಬ ಮನುಷ್ಯನಿಗೆ ಒಂದು ವಿಷಯ ಮುಂಚೆಯೇ ತಿಳಿದಿದ್ದರೆ ಅವನ ಮೈಮೇಲೆ ದೇವರು ಬಂದಿರಬೇಕು, ಇಲ್ಲವೇ ಅವನ ಕಡೆಯವರು ಆಫೀಸಿನಲ್ಲಿರಬೇಕು. ನಿಂಗರಾಜುವಿನ ಮೈಮೇಲೆ ಬರುವಷ್ಟು ಬಡತನ ಯಾವ ದೇವರಿಗೂ ಬಂದಿಲ್ಲವೆಂಬುದರಲ್ಲಿ ಊರು ಒಮ್ಮತದಿಂದಿತ್ತು. ಆದ್ದರಿಂದ ಅವನಿಗೆ ಆಫೀಸಿನಲ್ಲಿ ಜನ ಇದ್ದಾರೆಂದು ಶುಕ್ರವಾರ ಬೆಳಗಾಗುವಷ್ಟರಲ್ಲಿ ತೀರ್ಮಾನವಾಯಿತು.

ಅವತ್ತು ಡೇರಿಗೆ ಹಾಲಿಲ್ಲದವರೂ ಬಂದರು. ಒಬ್ಬಾಕೆ ತನ್ನ ಮಗನ ಟ್ರಾನ್ಸ್‌ಫರ್ ಎಲ್ಲಿಗೆ ಆಗುತ್ತದೆ ಎಂದು ಕೇಳಿದಳು. ಇನ್ನೊಬ್ಬ ಪಂಚಾಯಿತಿ ಮೀಸಲಾತಿ ಯಾವ ಕಡೆ ಬರುತ್ತದೆ ಎಂದ. ಚೌಡಯ್ಯ, ನಿನ್ನೆಯವರೆಗೆ ‘ಏನ್ಲಾ’ ಎನ್ನುತ್ತಿದ್ದವನು, “ನಿಂಗ್ರಾಜಪ್ಪಾರೇ, ಆ ಫ್ಯಾಟಿನ ಮಿಷನ್ನಿಗೂ ನಿಮ್ ಕಡೆಯೋರ್ಗೆ ಒಸಿ ಏಳಿ” ಎಂದ. ನಿಂಗರಾಜು ಯಾರಿಗೂ ಇಲ್ಲ ಎನ್ನಲಿಲ್ಲ, ಹೂ ಎಂದೂ ಅನ್ನಲಿಲ್ಲ. “ನೋಡಣ” ಎನ್ನುತ್ತಿದ್ದ. ದೊಡ್ಡ ಮನುಷ್ಯರು ಹೀಗೆಯೇ ಹೇಳುವುದನ್ನು ಅವನು ಗಮನಿಸಿದ್ದ.

ಬಿಸಿಲೇರುವ ಹೊತ್ತಿಗೆ ನಾಗಮಂಗಲದಿಂದ ಬೈಕಿನಲ್ಲಿ ಅವನ ಹೆಂಡತಿಯ ತಮ್ಮ ಕೆಂಪಣ್ಣ ಬಂದ. ಹಿಂದುಗಡೆ ಒಂದು ಗೊನೆ ರಸಬಾಳೆ ಕಟ್ಟಿತ್ತು. ಕೆಂಪಣ್ಣ ಅಕ್ಕನ ಮನೆಗೆ ಬರಿಗೈಯಲ್ಲಿ ಬಂದು ಊಟ ಮಾಡಿ ಹೋಗುವವನು. ಗೊನೆ ಕಂಡ ಅವನಕ್ಕ ಪುಟ್ಟತಾಯಮ್ಮನಿಗೆ ಮೊದಲು ಹೊಳೆದದ್ದು ಯಾರೋ ಸತ್ತಿದ್ದಾರೆ ಎಂದು.

“ಯಾರೂ ಓಗಿಲ್ಲ ಕಣಕ್ಕ” ಎಂದು ಕೆಂಪಣ್ಣ ಜಗಲಿಯ ಮೇಲೆ ಕುಳಿತ. “ಭಾವ, ನಮ್ ಪ್ರಿಯಾಂಕನ್ನ ಮೇಲುಕೋಟೆ ಮೇಲೆ ಹಾಕ್ಬುಟ್ಟಿದ್ದೀರಲ್ಲ, ಇದು ನ್ಯಾಯ್ವಾ?”

ಪ್ರಿಯಾಂಕ ಅವನ ಮಗಳು. ನಾಗಮಂಗಲದ ತಂಡದಲ್ಲಿ ಗೋಲು ಹೊಡೆಯುವವಳು ಅವಳೇ.

“ಮೇಲುಕೋಟೆಯೋರು ಸುಮಾರಾದ ತಂಡ ಅಲ್ವೇನ್ಲಾ? ನಿನ್ ಮಗಳು ಸಲೀಸಾಗಿ ಗೆಲ್ತಾಳೆ” ಎಂದ ನಿಂಗರಾಜು.

“ಅದೇ ನನ್ ಸಂಕಟ. ಅದು ನಮ್ ಮನೆದೇವ್ರ ಊರು. ಚೆಲುವರಾಯನ ಊರಿನ್ ಮೇಲೆ ನನ್ ಮಗಳು ಕಾಲೆತ್ತಿ ಒದ್ರೆ ಮನೆ ಉಳಿತದಾ? ಗೆದ್ರೆ ದೇವ್ರು ಮುನಿತಾನೆ, ಸೋತ್ರೆ ನನ್ನೆಂಡ್ತಿ ಮುನಿತಾಳೆ. ನಿಮ್ ಕಡೆಯೋರ್ಗೆ ಏಳಿ ಒಸಿ ಆ ಕಡೀಕೆ ಹಾಕ್ಸಿ ಭಾವ. ಮದ್ದೂರಾದ್ರೂ ಸರಿಯೆ, ಅಲ್ಲಿ ನಮ್ಗೆ ಯಾರೂ ಇಲ್ಲ.”

ಪುಟ್ಟತಾಯಮ್ಮ ಬಾಗಿಲಿಂದಲೇ ಹೇಳಿದಳು: “ನಿಮ್ ಭಾವನ ಮಾತ ಮನೇಲಿ ಬೆಕ್ಕೂ ಕೇಳಕ್ಕಿಲ್ಲ ಕಣಪ್ಪ. ಆಫೀಸ್ನೋರು ಕೇಳ್ತಾರಾ?”

ಹೆಂಡತಿ ಹೀಗೆ ಹೇಳದೆ ಇದ್ದಿದ್ದರೆ ನಿಂಗರಾಜು ಏನೋ ಒಂದು ನೆಪ ತೆಗೆದು ತಪ್ಪಿಸಿಕೊಳ್ಳುತ್ತಿದ್ದನೋ ಏನೋ. ಈಗ ಅವನು ಟವೆಲು ಕೊಡವಿ ಹೆಗಲ ಮೇಲೆ ಹಾಕಿಕೊಂಡ.

“ನೋಡಣ. ಮಾತಾಡ್ತೀನಿ ಬುಡು.”

ಕೆಂಪಣ್ಣ ಸಂತೋಷದಿಂದ ಹೊರಟ. ನಾಗಮಂಗಲ ಸೇರುವಷ್ಟರಲ್ಲಿ ದಾರಿಯಲ್ಲಿ ಸಿಕ್ಕವರಿಗೆಲ್ಲ “ನಮ್ ಭಾವ ಜೋಡಿ ಬದಲಾಯ್ಸಿ ಕೊಡ್ತಾವ್ರೆ” ಎಂದು ಹೇಳಿದ್ದ. ಈ ಮಾತು, ಚೌಡಯ್ಯ ಹೊಡೆದ ಫೋಟೊದ ಜೊತೆ ಸೇರಿಕೊಂಡು, ಕೆ.ಆರ್. ಪೇಟೆ ತಂಡದ ಮ್ಯಾನೇಜರು ದಿಲೀಪ್ ಎಂಬಾತನ ಮೊಬೈಲಿಗೆ ಹೋಯಿತು. ಪಾಂಡವಪುರದಂಥ ಗಟ್ಟಿ ತಂಡ ತಮ್ಮ ಪಾಲಿಗೆ ಬಂತಲ್ಲ ಎಂದು ಅವನು ಮೊದಲೇ ಕುದಿಯುತ್ತಿದ್ದ. ಕೂಡಲೇ ಸಮಿತಿಗೆ ದೂರು ಕೊಟ್ಟ: ಚೀಟಿ ಎತ್ತಿದ್ದು ನಾಟಕ, ಪಾಂಡವಪುರದ ಗೋಲ್‌ಕೀಪರಿನ ತಂದೆಗೆ ಹಿಂದಿನ ದಿನವೇ ಎಲ್ಲ ಗೊತ್ತಿತ್ತು, ಈಗ ಬಾಳೆಗೊನೆ ತೆಗೆದುಕೊಂಡು ಜೋಡಿ ಬದಲಾಯಿಸುತ್ತಿದ್ದಾನೆ.

ಸಾಯಂಕಾಲ ಸ್ನೇಹ ಕಾಲೇಜಿನಿಂದ ಬಂದಳು. ಚೀಲವನ್ನು ಎಸೆಯಲಿಲ್ಲ, ಮೆಲ್ಲಗೆ ಗೂಟಕ್ಕೆ ನೇತುಹಾಕಿದಳು. ಇದು ಇನ್ನೂ ಕೆಟ್ಟ ಲಕ್ಷಣ. ನಾನು ಡೇರಿ ಬೀಗದ ಕೈ ಕೊಡಲು ಹೋಗಿದ್ದವನು ಅಲ್ಲೇ ನಿಂತುಬಿಟ್ಟೆ.

“ಅಪ್ಪಾ, ನಾಳೆ ನೀನು ಶ್ರೀರಂಗಪಟ್ಟಣಕ್ಕೆ ವಿಚಾರಣೆಗೆ ಬರ್ಬೇಕಂತೆ. ಚೀಟಿ ವಿಚಾರ ನಿಂಗೆ ಮುಂಚೇನೇ ಗೊತ್ತಿತ್ತು ಅಂತಾದ್ರೆ ನನ್ನ ಒಂದು ವರ್ಷ ಆಟದಿಂದ ತೆಗೆದಾಕ್ತಾರಂತೆ. ಮೈಸೂರು ಸೆಲೆಕ್ಷನ್ನೂ ಇಲ್ಲ.”

“ಎಲ್ಲಾರ ಉಂಟಾ? ನಾನ್ ಬತ್ತೀನಿ, ಮಾತಾಡ್ತೀನಿ.”

“ಮಾತಾಡ್ಬೇಡ. ಅದನ್ನೇ ನಾನ್ ಏಳ್ತಿರೋದು. ‘ನಂಗೇನೂ ಗೊತ್ತಿಲ್ಲ’ ಅನ್ನು, ಸಾಕು. ಎರಡೇ ಮಾತು.”

“ಅಂಗಂದ್ರೆ ಜನ ಏನಂದ್ಕೊತಾರವ್ವ?”

“ನಿಜ ಅಂದ್ಕೊತಾರೆ” ಎಂದಳು ಪುಟ್ಟತಾಯಮ್ಮ.

ಶನಿವಾರ ನಾನೂ ಜೊತೆಯಲ್ಲಿ ಹೋದೆ. ಬಸ್ಸಿನಲ್ಲಿ ನಿಂಗರಾಜುವಿಗೆ ಆ ಎರಡು ಮಾತನ್ನು ಹೇಳಿಸಿ ಹೇಳಿಸಿ ಅಭ್ಯಾಸ ಮಾಡಿಸಿದೆ. ‘ನಂಗೇನೂ’ ಎಂಬಲ್ಲಿಯವರೆಗೆ ಸರಾಗವಾಗಿ ಬರುತ್ತಿತ್ತು. ಅಲ್ಲಿಂದ ಮುಂದಕ್ಕೆ ಏರು ಹತ್ತಲಾರದ ಟ್ರಾಕ್ಟರಿನಂತೆ ನಿಂತುಬಿಡುತ್ತಿತ್ತು.

ವಿಚಾರಣೆ ಮಾಡಲು ಮೂವರಿದ್ದರು. ಮಧ್ಯದಲ್ಲಿ ರಘುನಂದನ್, ಆ ಕಡೆ ಈ ಕಡೆ ಇಬ್ಬರು ಉಪನ್ಯಾಸಕರು. ಒಬ್ಬರು ವಾಣಿಜ್ಯದವರು, ಇನ್ನೊಬ್ಬರು ಸಸ್ಯಶಾಸ್ತ್ರದವರು. ರಘುನಂದನ್ ಅವರು ಬೆವರುತ್ತಿದ್ದರು. ಚೀಟಿ ಎತ್ತಿದ್ದು ಅವರದೇ ಕೈಯಾದ್ದರಿಂದ, ನಿಂಗರಾಜು ಬುದ್ಧಿವಂತನೆಂದು ಸಾಬೀತಾದರೆ ಅವರು ಕಳ್ಳರೆಂದು ಸಾಬೀತಾಗುತ್ತಿತ್ತು. ಎದುರಿಗೆ ದಿಲೀಪ್ ಮೊಬೈಲು ಹಿಡಿದು ಕುಳಿತಿದ್ದ.

“ನೋಡಿ ನಿಂಗರಾಜು ಅವರೇ” ಎಂದರು ರಘುನಂದನ್, ಆಸೆಯಿಂದ. “ನಿಮಗೆ ಫುಟ್‌ಬಾಲ್ ಬಗ್ಗೆ ಏನಾದರೂ ಗೊತ್ತಿದೆಯೇ? ಇಲ್ಲ ಅಲ್ಲವೇ?”

ಇದಕ್ಕಿಂತ ಸುಲಭದ ಪ್ರಶ್ನೆ ಇರಲಾರದು. ಉತ್ತರವನ್ನೂ ಅವರೇ ಕೊಟ್ಟಿದ್ದರು. ನಿಂಗರಾಜು ಬಾಯಿ ತೆರೆದ. ಮೂವರು ಓದಿದ ಜನ, ಫ್ಯಾನು, ಗಾಜಿನ ಲೋಟದಲ್ಲಿ ನೀರು, ಎಲ್ಲವನ್ನೂ ನೋಡಿದ.

“ನಂಗೇನೂ… ಒಸಿ ಅನುಭವ ಅದೆ ಸಾರ್” ಎಂದ.

ರಘುನಂದನ್ ಕಣ್ಣು ಮುಚ್ಚಿಕೊಂಡರು.

ದಿಲೀಪ್ ಎದ್ದ. “ಕೇಳುಸ್ಕೊಂಡ್ರಾ ಸಾರ್? ಬಾಯಿ ಬುಟ್ಟ.”

“ಹಾಗಾದರೆ ಆಫ್‌ಸೈಡ್ ಎಂದರೇನು ಹೇಳಿ” ಎಂದು ವಾಣಿಜ್ಯದವರು ಕೇಳಿದರು.

“ಅದಾ ಸಾರ್? ನಮ್ಮೂರ್ ಸ್ಟಾಪಲ್ಲಿ ಕೆಲವ್ರು ಬಸ್ ಬರೋಕ್ ಮುಂಚೆನೇ ಮುಂದ್ಕೋಗಿ ನಿಂತ್ಕೊಂಡಿರ್ತಾರೆ, ಸೀಟ್ ಹಿಡಿಯಕ್ಕೆ. ಅಂಥೋರ್ನ ಕಂಡಕ್ಟ್ರು ಹತ್ಸ್ಕೊಳ್ಬಾರ್ದು. ಅಷ್ಟೆ.”

ನಾನು ತಲೆ ತಗ್ಗಿಸಿದೆ. ಇಷ್ಟು ಅಸಂಬದ್ಧ ಹೇಳಿದ ಮೇಲೆ ಬಿಟ್ಟು ಕಳಿಸುತ್ತಾರೆಂದು ಒಳಗೊಳಗೆ ಸಮಾಧಾನವೂ ಆಯಿತು. ಆದರೆ ಸಮಿತಿಯ ಮೂವರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ತಪ್ಪು ಎನ್ನಬೇಕಾದರೆ ಸರಿಯಾದದ್ದು ಯಾರಿಗಾದರೂ ಗೊತ್ತಿರಬೇಕಿತ್ತು. ರಘುನಂದನ್ ಅವರು ಮೂಲತಃ ವಾಲಿಬಾಲಿನವರು.

“ಹೆಚ್ಚು ಕಡಿಮೆ ಅದೇ ಅಲ್ಲವೇ?” ಎಂದು ಸಸ್ಯಶಾಸ್ತ್ರದವರು ಪಿಸುಗುಟ್ಟಿದರು.

ಈಗ ನಾನು ಬಾಯಿ ಹಾಕಬೇಕಾಯಿತು. ಎದ್ದು ನಿಂತು, ಅವನು ಬರೆದದ್ದು ಹಾಲಿನ ಲಾರಿಯ ರೂಟು ನೋಡಿಕೊಂಡು ಎಂದು ಇದ್ದದ್ದನ್ನು ಇದ್ದಂತೆ ಹೇಳಿದೆ. ಸತ್ಯಕ್ಕೆ ಇಂಥ ಜಾಗದಲ್ಲಿ ಎಷ್ಟು ಬೆಲೆಯೆಂದು ತಕ್ಷಣ ಗೊತ್ತಾಯಿತು.

“ಲಾರಿ!” ಎಂದ ದಿಲೀಪ್. “ನೋಡಿ ಸಾರ್, ಎಂಗದೆ ವ್ಯವಸ್ಥೆ. ಯಾವ ಲಾರಿ ಎಲ್ಲಿಗೋಯ್ತದೆ ಅಂತ ಗೋಡೆ ಮೇಲೆ ಗುಟ್ಟಾಗಿ ಬರ್ದು ಅಂಟ್ಸವ್ರೆ. ಎಷ್ಟು ದಿನದಿಂದ ಅಂಟ್ಸಿದ್ದೀರಾ ಕೇಳಿ.”

“ಬಹಳ ದಿನದಿಂದ” ಎಂದೆ, ಪ್ರಾಮಾಣಿಕವಾಗಿ.

“ಬಹಳ ದಿನದಿಂದ ನಡೀತಾ ಅದೆ ಸಾರ್ ಇದು.”

ಸಮಿತಿ ಒಳಗೆ ಹೋಗಿ ಕಾಫಿ ಕುಡಿದು ಬಂದು ತೀರ್ಪು ಕೊಟ್ಟಿತು. ಭಾನುವಾರ ನಾಲ್ಕೂ ಪಂದ್ಯ ಶ್ರೀರಂಗಪಟ್ಟಣದ ಮೈದಾನದಲ್ಲಿ ನಡೆಯುತ್ತವೆ. ಸ್ನೇಹ ಆಡಬಹುದು. ಆದರೆ ಆಟ ಶುರುವಾಗುವ ಮುಂಚೆ ನಿಂಗರಾಜು ನಾಲ್ಕು ಪಂದ್ಯಗಳಲ್ಲಿ ಗೆಲ್ಲುವವರು ಯಾರೆಂದು ಎಲ್ಲರಿಗೂ ಕಾಣುವಂತೆ ಮೈದಾನದ ಬೋರ್ಡಿನ ಮೇಲೆ ಬರೆಯಬೇಕು. ನಾಲ್ಕೂ ಸರಿಯಾದರೆ ಅವನಿಗೆ ಒಳಗಿನ ವಿಷಯ ಗೊತ್ತಿದೆ ಎಂದರ್ಥ. ಸ್ನೇಹಳಿಗೆ ಒಂದು ವರ್ಷ ನಿಷೇಧ. ಒಂದಾದರೂ ತಪ್ಪಿದರೆ ಅವನಿಗೆ ಏನೂ ಗೊತ್ತಿಲ್ಲ ಎಂದರ್ಥ, ದೂರು ವಜಾ.

ನಾನು ಮಂಡ್ಯದಲ್ಲಿ ಸಂಜೆ ಕಾಲೇಜಿನಲ್ಲಿ ಓದಿದವನು. ಅಲ್ಲಿ ತರ್ಕಶಾಸ್ತ್ರದ ಪಾಠದ ಹೊತ್ತಿಗೇ ಕರೆಂಟು ಹೋಗುತ್ತಿತ್ತು. ಆದ್ದರಿಂದ ಈ ತೀರ್ಪಿನಲ್ಲಿ ತಪ್ಪು ಎಲ್ಲಿದೆ ಎಂದು ಖಚಿತವಾಗಿ ತೋರಿಸಲಾರೆ. ವಾಪಸು ಬರುವಾಗ ನಿಂಗರಾಜುವಿಗೆ ಒಂದೇ ಮಾತು ಹೇಳಿದೆ: “ನಾಲ್ಕು ಕಡೆಯೂ ಸೊರಗಿದ ತಂಡದ ಹೆಸರನ್ನೇ ಬರಿ. ಒಂದಲ್ಲ ಒಂದು ತಪ್ಪೇ ತಪ್ಪುತ್ತದೆ.”

“ನಾನೂ ಅದ್ನೇ ಅಂದ್ಕೊಂಡಿದ್ದೆ” ಎಂದ.

ಭಾನುವಾರ ಬೆಳಿಗ್ಗೆ ಮೈದಾನದ ಸುತ್ತ ಇಷ್ಟೊಂದು ಜನ ಸೇರಿದ್ದು ಹುಡುಗಿಯರ ಫುಟ್‌ಬಾಲ್ ನೋಡಲು ಎಂದು ಪತ್ರಿಕೆಯವರು ಬರೆದುಕೊಂಡರು. ಜನ ಬಂದಿದ್ದು ಬೋರ್ಡು ನೋಡಲು. ನಿಂಗರಾಜು ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು ಬಂದು ಬರೆದ: ಅರಕೆರೆ, ಮಳವಳ್ಳಿ, ಮೇಲುಕೋಟೆ, ಕೆ.ಆರ್. ಪೇಟೆ.

ಸ್ನೇಹ ಕೈಗವಸು ಹಾಕಿಕೊಳ್ಳುತ್ತಾ ಬೋರ್ಡು ಓದಿದಳು. ಅಪ್ಪನ ದುಂಡನೆಯ ಅಕ್ಷರದಲ್ಲಿ ತಾನು ಸೋಲುವುದನ್ನು ಓದಿದಳು. ಅವಳ ಮುಖ ಕೆಂಪಾಗುವ ಮುಂಚೆಯೇ ಪುಟ್ಟತಾಯಮ್ಮ ಅವಳ ಬೆನ್ನು ಸವರಿದಳು.

“ನಿಮ್ಮಪ್ಪ ಬರ್ದವ್ರೆ ಅಂದ್ರೆ ನೀನ್ ಗೆದ್ದಂಗೇ ಬುಡು ಮಗಾ.”

ನಾವು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೋದದ್ದು ಜನರ ನಂಬಿಕೆಯನ್ನು. ಅರಕೆರೆಯ ತಂಡ ಅಲ್ಲಿಯವರೆಗೆ ಬಂದಿದ್ದೇ ಎದುರಾಳಿಗಳ ಬಸ್ಸು ಕೆಟ್ಟಿದ್ದರಿಂದ. ಆ ಹುಡುಗಿಯರು ಬೋರ್ಡಿನ ಮೇಲೆ ತಮ್ಮ ಊರಿನ ಹೆಸರು ನೋಡಿದ್ದೇ ತಡ, ಮೈಮೇಲೆ ಬಂದವರಂತೆ ಓಡಾಡತೊಡಗಿದರು. ಶ್ರೀರಂಗಪಟ್ಟಣದ ಹುಡುಗಿಯರು ಆಟ ಶುರುವಾಗುವ ಮೊದಲೇ ಅತ್ತರು. “ಡೇರಿಯೋರು ಬರ್ದ್‌ಬುಟ್ಟವ್ರೆ, ಇನ್ನೇನ್ ಆಡದು” ಎಂದು ಅವರ ನಾಯಕಿ ಹೇಳಿದ್ದನ್ನು ನಾನೇ ಕೇಳಿದೆ. ಕೊನೆಗೆ ಅವರವರೇ ಚೆಂಡು ಹಿಂದಕ್ಕೆ ಕೊಡಲು ಹೋಗಿ ತಮ್ಮ ಗೋಲಿಗೇ ಹಾಕಿಕೊಂಡರು. ಅರಕೆರೆ ಗೆದ್ದಿತು.

ಎರಡನೆಯ ಆಟದಲ್ಲಿ ಮದ್ದೂರಿನ ತರಬೇತುದಾರ ತನ್ನ ಹುಡುಗಿಯರಿಗೆ ಬುದ್ಧಿ ಹೇಳಿದ: “ಎಂಗೂ ಸೋಲೋದೇ ಆಗದೆ, ಕೈಕಾಲು ಮುರ್ಕೊಬ್ಯಾಡ್ರವ್ವ.” ಅವರು ಕೈಕಾಲು ಮುರಿದುಕೊಳ್ಳಲಿಲ್ಲ. ಮಳವಳ್ಳಿ ಗೆದ್ದಿತು.

ನಿಂಗರಾಜು ನನ್ನ ಪಕ್ಕದಲ್ಲಿ ಟವೆಲಿನ ತುದಿ ಅಗಿಯುತ್ತಿದ್ದ. ಜನ ಅವನನ್ನು ಮುಟ್ಟಿ ಹೋಗಲು ಶುರು ಮಾಡಿದ್ದರು.

“ಮೂರ್ನೇದು ತಪ್ಪೋಯ್ತದೆ ಅಲ್ವಾ?” ಎಂದು ನನ್ನನ್ನು ಕೇಳಿದ. ಒಂದು ವಿಷಯವನ್ನು ಅವನು ಇನ್ನೊಬ್ಬರಲ್ಲಿ ಕೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಮೂರನೆಯದು ನಾಗಮಂಗಲ ಮತ್ತು ಮೇಲುಕೋಟೆ. ಮೇಲುಕೋಟೆಯವರು ಹೇಗೋ ಒಂದು ಗೋಲು ಹಾಕಿ, ಅಷ್ಟಕ್ಕೇ ಸುಸ್ತಾಗಿ ನಿಂತಿದ್ದರು. ಆಟ ಮುಗಿಯುವ ಹೊತ್ತಿಗೆ ನಾಗಮಂಗಲಕ್ಕೆ ಒಂದು ಪೆನಾಲ್ಟಿ ಸಿಕ್ಕಿತು. ಒದೆಯಲು ಬಂದವಳು ಪ್ರಿಯಾಂಕ. ನಿಂಗರಾಜು ಕೈಮುಗಿದ: “ಹೊಡಿಯವ್ವ, ನಿನ್ ಭಾವನ… ಅಲ್ಲ, ನಿನ್ ಮಾವನ ಮಾನ ಉಳ್ಸವ್ವ.”

ಆ ಕಡೆಯ ಗೆರೆಯ ಹತ್ತಿರ ಕೆಂಪಣ್ಣನೂ ಕೈಮುಗಿದುಕೊಂಡಿದ್ದ. ಅವನ ಮುಖ ಮೇಲುಕೋಟೆ ಬೆಟ್ಟದ ದಿಕ್ಕಿಗಿತ್ತು. “ಮಗಾ, ಮನೆದೇವ್ರು ನೋಡ್ತಾ ಅವ್ನೆ. ಯೋಚ್ನೆ ಮಾಡಿ ಒದಿ.”

ಯೋಚನೆ ಮಾಡಿ ಒದೆಯಲು ಬರುವುದಿಲ್ಲ ಎಂಬುದು ಅವತ್ತು ನನಗೆ ತಿಳಿಯಿತು. ಪ್ರಿಯಾಂಕ ಅಪ್ಪನನ್ನು ನೋಡಿದಳು, ಮಾವನನ್ನು ನೋಡಿದಳು, ಇಬ್ಬರ ಮೇಲಿನ ಸಿಟ್ಟನ್ನೂ ಸೇರಿಸಿ ಒದ್ದಳು. ಚೆಂಡು ಗೋಲಿನ ಮೇಲಿಂದ ಹಾರಿ, ಕಾಂಪೌಂಡು ದಾಟಿ, ಕಡ್ಲೆಕಾಯಿ ಮಾರುವವನ ಗಾಡಿಯ ಮೇಲೆ ಬಿತ್ತು. ಮೇಲುಕೋಟೆ ಗೆದ್ದಿತು. ಕೆಂಪಣ್ಣ ಗಲ್ಲ ಗಲ್ಲ ಬಡಿದುಕೊಂಡು, ಹೆಂಡತಿಗೆ ಏನು ಹೇಳುವುದೆಂದು ಯೋಚಿಸುತ್ತಾ ಅಲ್ಲೇ ಕುಳಿತ.

ಮೂರು ಬರೆದದ್ದು ಮೂರೂ ಆಯಿತು. ಉಳಿದದ್ದು ಒಂದು. ಪಾಂಡವಪುರ ಸೋತರೆ ಸ್ನೇಹ ಆ ಪಂದ್ಯದ ಜೊತೆಗೆ ಒಂದು ವರ್ಷವನ್ನೂ ಕಳೆದುಕೊಳ್ಳಬೇಕು.

ಈಗ ನಡೆದ ಒಂದು ಸಂಗತಿಯನ್ನು ಕಣ್ಣಾರೆ ಕಾಣದಿದ್ದರೆ ನಾನು ನಂಬುತ್ತಿರಲಿಲ್ಲ. ದೂರು ಕೊಟ್ಟ ದಿಲೀಪ್ ಒಂದು ಎಳನೀರು ಕೆತ್ತಿಸಿಕೊಂಡು ನಿಂಗರಾಜುವಿನ ಹತ್ತಿರ ಬಂದ.

“ಕುಡೀರಣ್ಣ. ನೀವ್ ಬರ್ದದ್ದು ಸುಳ್ಳಾಗಕ್ಕಿಲ್ಲ ಬುಡಿ. ನಮ್ ಹುಡ್ಗೀರ್ಗೆಲ್ಲ ಏಳಿವ್ನಿ, ಧೈರ್ಯವಾಗಿ ಆಡಿ, ಗೆಲ್ಲೋದು ನಾವೇ, ಅಣ್ಣ ಬರ್ದವ್ರೆ ಅಂತ.”

“ಲೇ, ನಾನ್ ಕಳ್ಳ ಅಂತ ಅರ್ಜಿ ಕೊಟ್ಟಿದ್ದೋನು ನೀನೇ ಅಲ್ವೇನ್ಲಾ?”

“ಅದು ಬೇರೆ ಅಣ್ಣ. ಕಳ್ಳ ಆದ್ರೂ ಗೊತ್ತಿರೋರು.”

ನಿಂಗರಾಜು ಎಳನೀರು ಹಿಡಿದುಕೊಂಡೇ ರಘುನಂದನ್ ಅವರ ಬಳಿಗೆ ಓಡಿದ. ಬೋರ್ಡಿನ ಮೇಲಿನ ಕೊನೆಯ ಹೆಸರನ್ನು ಒರೆಸುತ್ತೇನೆ ಎಂದ. ಬರೆದದ್ದನ್ನು ಒರೆಸುವಂತಿಲ್ಲ ಎಂದು ಅವರು ಹೇಳಿದರು. ಸೀಮೆಸುಣ್ಣ ಕಿತ್ತುಕೊಳ್ಳಲು ಹೋದಾಗ ವಾಣಿಜ್ಯದವರು ಅದನ್ನು ಜೇಬಿಗೆ ಹಾಕಿಕೊಂಡರು.

ಆಟ ಸಮಸಮವಾಗಿ ಮುಗಿದು ಪೆನಾಲ್ಟಿಗೆ ಬಂತು. ಒಬ್ಬೊಬ್ಬರೇ ಬಂದು ಒದ್ದರು. ಪಾಂಡವಪುರದ ಹುಡುಗಿಯರು ಒಂದು ಗೋಲು ಮುಂದಿದ್ದರು. ಉಳಿದದ್ದು ಕೆ.ಆರ್. ಪೇಟೆಯ ಹೇಮಶ್ರೀಯ ಒದೆತ ಮಾತ್ರ. ಗೋಲಾದರೆ ಮತ್ತೆ ಸರಿಸಮ. ಸ್ನೇಹ ತಡೆದರೆ ಅಲ್ಲಿಗೆ ಮುಗಿಯಿತು. ಕೆ.ಆರ್. ಪೇಟೆಯವರು “ನಿಂಗಣ್ಣಂಗೆ ಜೈ” ಎಂದು ಕೂಗತೊಡಗಿದರು. ನಿಂಗರಾಜು ಕಿವಿ ಮುಚ್ಚಿಕೊಂಡು ಗೋಲಿನ ಹಿಂದಕ್ಕೆ ಬಂದ, ನಾನೂ ಬಂದೆ. ಆದ್ದರಿಂದ ಹೇಮಶ್ರೀ, ಸ್ನೇಹ ಇಬ್ಬರೂ ಆಡಿದ ಮಾತು ನಮ್ಮಿಬ್ಬರಿಗೂ ಕೇಳಿಸಿತು.

ಹೇಮಶ್ರೀ ಚೆಂಡು ಇಟ್ಟು ನಕ್ಕಳು. ಎತ್ತರದ ಹುಡುಗಿ, ಅವಳ ಒದೆತಕ್ಕೆ ಹೆಸರಿತ್ತು.

“ಯಾವ ಕಡೆ ನೆಗೀತೀಯಾ ನೆಗಿ ಕಣೆ. ಯಾವ ಕಡೆ ಒದ್ರೂ ಒಳಿಕ್ಕೋಯ್ತದೆ. ನಿಮ್ಮಪ್ಪನೇ ಬರ್ದವ್ರಲ್ಲ.”

ಸ್ನೇಹ ಕೈಗವಸು ಬಿಗಿ ಮಾಡಿಕೊಂಡಳು. “ನಾನು ಹುಟ್ಟೋಕ್ ಮುಂಚೆ ಗಂಡೇ ಆಗೋದು ಅಂತ ನಮ್ಮಪ್ಪ ಊರಿಗೆಲ್ಲ ಬರ್ದು ಕೊಟ್ಟಿದ್ರು ಕಣೆ. ನೋಡು ಈಗ, ನಿಂತಿದ್ದೀನಿ.”

ಹೇಮಶ್ರೀಯ ನಗು ಅರ್ಧಕ್ಕೆ ನಿಂತಿತು. ಅವಳು ಒಂದು ಸಲ ಬೋರ್ಡಿನ ಕಡೆ ನೋಡಿದಳು. ಒಂದು ಸಲ ಬಲೆಯ ಹಿಂದೆ ಟವೆಲು ಅಗಿಯುತ್ತಿದ್ದ ನಿಂಗರಾಜುವಿನ ಕಡೆ ನೋಡಿದಳು. ಬರೆದವನ ಮುಖವನ್ನು ಅಷ್ಟು ಹತ್ತಿರದಿಂದ ಆ ದಿನ ಯಾವ ಆಟಗಾರ್ತಿಯೂ ನೋಡಿರಲಿಲ್ಲ. ನೋಡಿದ್ದರೆ ಶ್ರೀರಂಗಪಟ್ಟಣದವರು ಅಳುತ್ತಿರಲಿಲ್ಲ, ಮದ್ದೂರಿನವರು ಕೈಕಾಲು ಉಳಿಸಿಕೊಳ್ಳುತ್ತಿರಲಿಲ್ಲ.

ಅವಳು ಒದ್ದಳು. ಒದೆತ ಕೆಟ್ಟದ್ದೇನಲ್ಲ. ಬಲಗಡೆಯ ಮೂಲೆಗೆ ಬಿರುಸಾಗಿಯೇ ಬಂತು. ಆದರೆ ಆರು ತಾಲ್ಲೂಕಿನ ಜನರೊಳಗೆ ನಿಂಗರಾಜುವಿನ ಮಾತನ್ನು ಒಂದಿಷ್ಟೂ ನಂಬದೆ ಬೆಳೆದ ಹುಡುಗಿ ಒಬ್ಬಳೇ ಇದ್ದಳು, ಅವಳು ಆ ಗೋಲಿನಲ್ಲಿ ನಿಂತಿದ್ದಳು. ಅಡ್ಡಲಾಗಿ ನೆಗೆದು, ಚೆಂಡನ್ನು ಎರಡು ಕೈಯಲ್ಲೂ ಹಿಡಿದು, ನೆಲಕ್ಕೆ ಬಿದ್ದು, ಬಿದ್ದಲ್ಲೇ ಅದನ್ನು ಎದೆಗೆ ಅವುಚಿಕೊಂಡಳು.

ಪಾಂಡವಪುರ ಗೆದ್ದಿತು. ದಿಲೀಪ್ ಬಂದು ಎಳನೀರು ವಾಪಸು ಕೇಳಿದ.

ಸ್ವಲ್ಪ ಹೊತ್ತಿನಲ್ಲಿ, ನಾವು ಬೋರ್ಡಿನ ಹತ್ತಿರಕ್ಕೆ ವಾಪಸು ಬಂದ ಮೇಲೆ, ರಘುನಂದನ್ ಮೈಕು ಹಿಡಿದರು. ಕಳೆದ ಮೂರು ದಿನಗಳಲ್ಲಿ ಅವರ ಮುಖದಲ್ಲಿ ಅಷ್ಟು ಗೆಲುವನ್ನು ಯಾರೂ ಕಂಡಿರಲಿಲ್ಲ. “ಸಮಸ್ತ ಕ್ರೀಡಾಭಿಮಾನಿಗಳ ಗಮನಕ್ಕೆ. ಶ್ರೀ ನಿಂಗರಾಜು ಅವರಿಗೆ ಫುಟ್‌ಬಾಲ್ ಬಗ್ಗೆಯಾಗಲಿ, ಈ ಪಂದ್ಯಾವಳಿಯ ಬಗ್ಗೆಯಾಗಲಿ, ಯಾವ ತಿಳಿವಳಿಕೆಯೂ ಇಲ್ಲವೆಂದು ಸಮಿತಿ ಸರ್ವಾನುಮತದಿಂದ ತೀರ್ಮಾನಿಸಿದೆ. ಅವರ ಮೇಲಿನ ದೂರನ್ನು ವಜಾ ಮಾಡಲಾಗಿದೆ. ಕುಮಾರಿ ಸ್ನೇಹ ಅವರು ಸೆಮಿಫೈನಲ್ ಆಡಬಹುದು.”

ಮೈದಾನವೆಲ್ಲ ಚಪ್ಪಾಳೆ ಹೊಡೆಯಿತು. ಎಲ್ಲರಿಗಿಂತ ಜೋರಾಗಿ ಹೊಡೆದವನು ಚೌಡಯ್ಯ. ಪುಟ್ಟತಾಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಾನೂ ಉಸಿರು ಬಿಟ್ಟೆ. ನಿಂಗರಾಜು ಕೈಕಟ್ಟಿ ನಿಂತು, ತನಗೇನೂ ಗೊತ್ತಿಲ್ಲವೆಂಬ ಆ ಮಾತು ಮೈಕಿನಿಂದ ಹೊರಟು ಮೈದಾನದ ಮೂಲೆ ಮೂಲೆಗೆ ತಲುಪುವುದನ್ನು ಕೇಳಿಸಿಕೊಂಡ. ಅವನ ಮುಖದಲ್ಲಿ ಮೊದಲು ಸಂತೋಷವಿತ್ತು. ಚಪ್ಪಾಳೆ ನಿಲ್ಲದೆ ಮುಂದುವರಿದಂತೆಲ್ಲ ಅದು ಇಳಿಯತೊಡಗಿತು. ಕುತ್ತಿಗೆಯ ನರ ಉಬ್ಬಿತು. ನಾನು ಅವನ ಷರ್ಟು ಹಿಡಿದು ಎಳೆದೆ. ಅಷ್ಟರಲ್ಲಿ ಅವನು ಕೈ ಎತ್ತಿದ್ದ.

“ಸಾರ್, ಒಂದ್ನಿಮಿಷ. ನಾಲ್ಕ್ರಲ್ಲಿ ಮೂರು ನಾನ್ ಏಳ್ದಂಗೇ…”

ಗೋಲಿನಿಂದ ಅಲ್ಲಿಗೆ ಒಳ್ಳೆಯ ದೂರವಿತ್ತು. ಸ್ನೇಹ ಆ ದೂರವನ್ನು ಹೇಗೆ ದಾಟಿದಳೋ ತಿಳಿಯದು. ಮಣ್ಣಾದ ಕೈಗವಸನ್ನು ಬಿಚ್ಚದೆಯೇ ಎರಡೂ ಕೈಯಲ್ಲಿ ಅಪ್ಪನ ಬಾಯಿಯನ್ನು ಮುಚ್ಚಿ ಹಿಡಿದಳು. ಆಟವನ್ನು ಬಲ್ಲವರು, ಆ ದಿನ ಆಕೆ ತಡೆದದ್ದರಲ್ಲಿ ಅದೇ ಕಷ್ಟದ್ದು ಎಂದರು.